ನೀಲಿ ಕಾರ್ಡು ಮತ್ತು ಕೆಂಗೇರಿಯ ಕಿಟಕಿ

ಕೆಂಗೇರಿಯ ನಮ್ಮ ಡಯಾಲಿಸಿಸ್ ಕೇಂದ್ರದಿಂದ ರೈಲು ಕಾಣುತ್ತದೆ ಎಂದು ನಾನೊಮ್ಮೆ ಸಭೆಯಲ್ಲಿ ಹೇಳಿದೆ. ಹೇಳುವಾಗ ಅದು ನಿಜವೆಂದು ನನಗೆ ಖಾತ್ರಿಯಿರಲಿಲ್ಲ. ಸುಳ್ಳೆಂದೂ ಖಾತ್ರಿಯಿರಲಿಲ್ಲ. ಅಲ್ಲಿನ ಇನ್‌ಚಾರ್ಜ್ ಸಿಸ್ಟರ್ ತಲೆಯೆತ್ತಿ ಹೊರಗೆ ನೋಡಿದ್ದು, ನಂತರ ಬಂದು ಕಂಪ್ಯೂಟರಿನ ಕೀ ಒತ್ತಿದ್ದು ಕಣ್ಣ ಮುಂದಿತ್ತು. ಅವೆರಡರ ನಡುವೆ ರೈಲೊಂದು ಹಾದುಹೋದದ್ದನ್ನು ನಾನೇ ಕಂಡೆನೋ, ಬರೀ ಸದ್ದು ಕೇಳಿದೆನೋ, ಅಥವಾ ಆಕೆ ಬಹಳ ದಿನಗಳ ನಂತರ ಹೇಳಿದ್ದನ್ನು ಆ ಹಳೆಯ ಚಿತ್ರದೊಳಗೆ ಸೇರಿಸಿಬಿಟ್ಟೆನೋ, ಈಗಲೂ ಹೇಳಲಾರೆ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಕಣ್ಣಾರೆ ಕಂಡೆ ಎನ್ನುವವರ ಮಾತಿನಿಂದ ಎಷ್ಟನ್ನು ಕಳೆಯಬೇಕು ಎಂದು ಲೆಕ್ಕ ಹಾಕುವುದು ವಿಶ್ವವಿದ್ಯಾಲಯದಿಂದಲೇ ಅಂಟಿಕೊಂಡ ಚಟ. ನನ್ನ ಮಾತಿನಿಂದಲೂ ಕಳೆಯುತ್ತೇನೆ. ಹಾಗಾಗಿ ಮುಂದೆ ಬರುವುದರಲ್ಲಿ ಮಾತುಗಳು ಅಕ್ಷರಶಃ ಹಾಗೇ ಇದ್ದವೆಂದು ಪ್ರಮಾಣ ಮಾಡುವುದಿಲ್ಲ. ಘಟನೆಗಳ ಅನುಕ್ರಮ ಮಾತ್ರ ಸರಿಯಿದೆ.

ನಮ್ಮ ಸಂಸ್ಥೆಗೆ ರಾಜಾಜಿನಗರದಲ್ಲಿ ಮುಖ್ಯ ಕಚೇರಿ. ವಿಜಯನಗರ, ಬಸವೇಶ್ವರನಗರ, ಬಿನ್ನಿಪೇಟೆ, ಕೆಂಗೇರಿಗಳಲ್ಲಿ ಡಯಾಲಿಸಿಸ್ ಕೇಂದ್ರಗಳು. ಎಲ್ಲ ಕಡೆಯೂ ರೋಗಿಗಳ ಸರದಿ, ಕುರ್ಚಿ, ಯಂತ್ರ ನೋಡಿಕೊಳ್ಳುವುದು ನಾವೇ ಕಟ್ಟಿಸಿಕೊಂಡ ಒಂದು ಸಾಫ್ಟ್‌ವೇರ್. ಅದರಲ್ಲಿ ಏನಾದರೂ ಬದಲಾಯಿಸಬೇಕೆಂದರೆ ಕೋರಿಕೆ ನನ್ನ ಬಳಿ ಬರಬೇಕು. ಆದರೆ ನಾನು ಸೇರಿದಾಗ ಕೋರಿಕೆಗಳು ವಾಟ್ಸಾಪಿನಲ್ಲಿ, ಮೆಟ್ಟಿಲ ಮೇಲೆ, ಕಾಫಿ ಕುಡಿಯುವಲ್ಲಿ, ಎಲ್ಲೆಂದರಲ್ಲಿ ಬರುತ್ತಿದ್ದವು. ಬಿನ್ನಿಪೇಟೆಯ ಪ್ರಿಂಟರಿನಲ್ಲಿ ಅಕ್ಷರ ಮಸುಕಾಗಿದೆ ಎನ್ನುವುದೂ, ರೋಗಿಗಳಿಗೆಲ್ಲ ಮೊಬೈಲ್ ಆ್ಯಪ್ ಬೇಕು ಎನ್ನುವುದೂ ಒಂದೇ ರಾಶಿಯಲ್ಲಿ ಬೀಳುತ್ತಿದ್ದವು. ನಮ್ಮಲ್ಲಿದ್ದ ಡೆವಲಪರ್ ಒಬ್ಬನೇ. ಜೋರಾಗಿ ಕೂಗಿದವರ ಕೆಲಸ ಮೊದಲು ಮಾಡುತ್ತಿದ್ದ. ಮೆತ್ತಗಿನ ದನಿಯವರದು ಉಳಿಯುತ್ತಿತ್ತು.

ಕೊನೆಗೆ ಕೆಲಸ ನಿರ್ವಹಣೆಗೆಂದೇ ಬೇರೊಂದು ಸಾಫ್ಟ್‌ವೇರ್ ತಂದರು. ಅದರಲ್ಲಿ ಪ್ರತಿ ಕೋರಿಕೆಯೂ ಪರದೆಯ ಮೇಲೆ ಒಂದು ಕಾರ್ಡಾಗಿ ಕಾಣುತ್ತದೆ. ಕಾರ್ಡುಗಳನ್ನು ವಿಂಗಡಿಸುವ ನಿಯಮ ಬರೆಯುವ ಕೆಲಸ ನನ್ನದಾಯಿತು. ಎರಡೇ ವರ್ಗ ಮಾಡಿದೆ. ಸಂಸ್ಥೆಯ ದಾರಿಯನ್ನು ಬದಲಿಸುವಂಥವು ಸ್ಟ್ರಾಟೆಜಿಕ್, ಅವಕ್ಕೆ ನೀಲಿ ಬಣ್ಣ. ಇರುವ ಗಾಡಿ ಓಡುತ್ತಿರಲು ಬೇಕಾದವು ಆಪರೇಷನಲ್, ಅವಕ್ಕೆ ಕಿತ್ತಳೆ. ನೀಲಿ ಕಾರ್ಡು ಮೂರು ತಿಂಗಳಿಗೊಮ್ಮೆ ಸೇರುವ ಕಮಿಟಿಗೆ ಹೋಗುತ್ತದೆ. ಕಿತ್ತಳೆ ನೇರ ಡೆವಲಪರ್‌ಗೆ ಹೋಗಿ, ಸಾಮಾನ್ಯವಾಗಿ ಅದೇ ವಾರ ಮುಗಿಯುತ್ತದೆ.

ವಿಂಗಡಣೆ ಯಾರ ಮರ್ಜಿಗೂ ಸಿಗಬಾರದು ಎಂಬುದು ನನ್ನ ಹಟ. ‘ತುರ್ತು’ ಎಂಬ ಚೌಕವನ್ನು ಕಿತ್ತುಹಾಕಿದೆ, ಏಕೆಂದರೆ ಅದನ್ನು ಎಲ್ಲರೂ ಗುರುತು ಮಾಡುತ್ತಾರೆ. ಬದಲಿಗೆ ಸಂಗತಿಗಳನ್ನು ಮಾತ್ರ ಕೇಳಿದೆ. ಇದು ಎಷ್ಟು ಕೇಂದ್ರಗಳಿಗೆ ಸಂಬಂಧಿಸಿದ್ದು, ಒಂದೇ ಅಥವಾ ಹೆಚ್ಚು? ಕೆಟ್ಟಿದ್ದನ್ನು ಸರಿಮಾಡುವುದೋ, ಹೊಸದನ್ನು ಸೇರಿಸುವುದೋ? ಹೊಸದೂ ಹೌದು, ಒಂದಕ್ಕಿಂತ ಹೆಚ್ಚು ಕೇಂದ್ರದ್ದೂ ಹೌದು ಎಂದರೆ ಕಾರ್ಡು ತಾನೇ ನೀಲಿಯಾಗುತ್ತದೆ, ಉಳಿದದ್ದೆಲ್ಲ ಕಿತ್ತಳೆ. ಹಳೆಯ ಕೋರಿಕೆಗಳನ್ನೆಲ್ಲ ಈ ಜರಡಿಯಲ್ಲಿ ಹಾಕಿ ನೋಡಿದೆ. ಪ್ರಿಂಟರ್ ಕಿತ್ತಳೆಯಾಯಿತು, ಆ್ಯಪ್ ನೀಲಿಯಾಯಿತು. ಮನುಷ್ಯರ ತೀರ್ಮಾನವನ್ನು ನಂಬದವನಿಗೆ ನಿಯಮ ಬಹಳ ಬೇಗ ಪ್ರಿಯವಾಗುತ್ತದೆ.

ಆಪರೇಷನ್ಸ್ ಮುಖ್ಯಸ್ಥರಿಗೂ ಅದು ಹಿಡಿಸಿತು, ಬೇರೆ ಕಾರಣಕ್ಕೆ. ತಮ್ಮ ಕೋಣೆಯ ಗೋಡೆಯ ಮೇಲೆ ಪರದೆ ಹಾಕಿಸಿ ನೀಲಿ ಎಷ್ಟು, ಕಿತ್ತಳೆ ಎಷ್ಟು ಎಂದು ದಿನಾ ನೋಡುತ್ತಿದ್ದರು. “ಬ್ಲೂ ಜಾಸ್ತಿ ಆಗ್ಬೇಕು ಕಣ್ರೀ. ಮೇಲ್ನೋರಿಗೆ ನಾವು ಬರೀ ಪ್ರಿಂಟರ್ ರಿಪೇರಿಯೋರು ಅಂತ ಕಾಣ್ಬಾರ್ದು” ಎನ್ನುತ್ತಿದ್ದರು.

ನಿಯಮ ಜಾರಿಗೆ ಬಂದ ಮೇಲೆ ಒಂದೊಂದೇ ಕೇಂದ್ರಕ್ಕೆ ಹೋಗಿ, ಕೋರಿಕೆ ಹಾಕುವುದು ಹೇಗೆಂದು ತೋರಿಸಿಕೊಟ್ಟೆ. ಕೆಂಗೇರಿಗೆ ಹೋದದ್ದು ಕೊನೆಗೆ. ಹಳೇ ಊರಿನೊಳಗೆ, ಕೆಳಗೆ ಹಾರ್ಡ್‌ವೇರ್ ಅಂಗಡಿ ಮತ್ತು ಬೇಕರಿ ಇರುವ ಕಟ್ಟಡದ ಎರಡನೇ ಮಹಡಿ. ಇನ್‌ಚಾರ್ಜ್ ಸಿಸ್ಟರ್ ಗದಗ ಕಡೆಯವರು. ಕೆಲಸದ ನಡುವೆ ನಿಂತೇ ಪಾಠ ಕೇಳಿಸಿಕೊಂಡರು. ನಿಂತೇ ಪ್ರಶ್ನೆಯನ್ನೂ ಹಾಕಿದರು.

“ಸರ, ಇದು ಎಷ್ಟು ಸೆಂಟರಿಂದು ಅಂತ ಕೇಳ್ತದಲ್ರೀ, ನಾ ನನ್ನ ಸೆಂಟರ್ ಅಷ್ಟ ನೋಡಬೇಕೋ, ಎಲ್ಲಾರದೂ ನೋಡಬೇಕೋ?”

“ನಿಜವಾಗಿ ಎಷ್ಟು ಕಡೆ ತೊಂದರೆ ಇದೆಯೋ ಅದನ್ನ ಹಾಕಿ ಸಿಸ್ಟರ್. ನಿಜ ಹಾಕಿದ್ರೆ ಸಾಕು, ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ.”

“ನಿಜ ಹಾಕಿದ್ರ ಸಾಕೇನ್ರೀ? ಭಾಳ ಸಸ್ತಾದಾಗ ಮುಗೀತು ಹಂಗಾದ್ರ.”

ಅದೇ ಭೇಟಿಯಲ್ಲಿ ನಡೆದ ಇನ್ನೊಂದು ಸಂಗತಿ ಆಗ ನನಗೆ ಮುಖ್ಯವೆನಿಸಲಿಲ್ಲ. ಸಿಸ್ಟರ್ ಒಬ್ಬ ರೋಗಿಯ ಸೂಜಿ ತೆಗೆದು, ಆ ಕಡೆ ಹೋಗಿ, ತಲೆಯೆತ್ತಿ ಹೊರಗೆ ನೋಡಿದರು. ತಿರುಗಿ ಬಂದು, ನಾನು ಪಾಠ ಮಾಡುತ್ತಿದ್ದ ಕಂಪ್ಯೂಟರಿನಲ್ಲಿ ಸರದಿಯ ಪುಟ ತೆರೆಸಿ, ಮಡಚಿದ ಬೆರಳ ಗೆಣ್ಣಿನಿಂದ ಎಂಟರ್ ಒತ್ತಿದರು. ಕೈಯಿಂದ ನೀರು ಕೀಲಿಮಣೆಯ ಮೇಲೆ ತೊಟ್ಟಿಕ್ಕಿತು. ನಾನು ಕರ್ಚೀಫಿನಿಂದ ಒರೆಸುತ್ತ, “ಸಿಸ್ಟರ್, ಕೀಬೋರ್ಡ್ ಹಾಳಾಗುತ್ತೆ” ಎಂದೆ.

“ಹಾಳಾದ್ರ ಕಿತ್ತಳಿ ಕಾರ್ಡ್ ಹಾಕ್ತೀನಿ ತಗೋರಿ. ಅದೇ ವಾರ ಬರ್ತದಂತ ನೀವ ಹೇಳಿದ್ರಲ್ಲ” ಎಂದು ನಕ್ಕರು.

ಒಂದಿಷ್ಟು ದಿನಗಳಲ್ಲಿ ಅವರ ಕಾರ್ಡು ಬಂತು. ಅದನ್ನು ಅರ್ಥಮಾಡಿಕೊಳ್ಳಲು ನಮ್ಮ ಸರದಿಯ ಒಂದು ಕಟ್ಟಳೆ ತಿಳಿದಿರಬೇಕು. ರೋಗಿ ತನ್ನ ಹೊತ್ತಿಗೆ ಬಂದ ಕೂಡಲೇ ಸಿಸ್ಟರ್ ‘ಬಂದಿದ್ದಾರೆ’ ಎಂದು ಗುರುತು ಹಾಕಬೇಕು. ಅರ್ಧ ಗಂಟೆಯೊಳಗೆ ಆ ಗುರುತು ಬೀಳದಿದ್ದರೆ ಸಾಫ್ಟ್‌ವೇರ್ ಆ ಕುರ್ಚಿಯನ್ನು ತಾನಾಗಿ ಬಿಡಿಸಿ, ಕಾಯುತ್ತಿರುವ ಇನ್ನೊಬ್ಬರಿಗೆ ಸಂದೇಶ ಕಳಿಸುತ್ತದೆ. ಕುರ್ಚಿ ಖಾಲಿ ಬೀಳಬಾರದು ಎಂಬುದು ಉದ್ದೇಶ. ಆದರೆ ಕೆಂಗೇರಿಗೆ ರಾಮನಗರ, ಬಿಡದಿ ಕಡೆಯಿಂದ ರೋಗಿಗಳು ರೈಲಿನಲ್ಲಿ ಬರುತ್ತಾರೆ. ರೈಲು ತಡವಾದರೆ, ಸ್ಟೇಷನ್ನಿನಿಂದ ನಿಧಾನಕ್ಕೆ ನಡೆದು ಮೆಟ್ಟಿಲು ಹತ್ತುವಷ್ಟರಲ್ಲಿ ಅವರ ಕುರ್ಚಿಯಲ್ಲಿ ಬೇರೆಯವರಿರುತ್ತಾರೆ. ನಾಲ್ಕು ಗಂಟೆ ಕಾಯಬೇಕು, ಇಲ್ಲ ಹಾಗೇ ವಾಪಸ್ ಹೋಗಬೇಕು. ರಕ್ತ ಶುದ್ಧಿಯಾಗದೆ ವಾಪಸ್ ಹೋಗುವುದು ಅಂಥವರಿಗೆ ಸಣ್ಣ ಮಾತಲ್ಲ.

ಸಿಸ್ಟರ್ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು: ದೂರದಿಂದ ಬರುವವರಿಗೆ ‘ದಾರಿಯಲ್ಲಿದ್ದಾರೆ’ ಎಂದು ಗುರುತು ಹಾಕಲು ಒಂದು ಗುಂಡಿ ಕೊಡಿ, ಅಲ್ಲಿಯವರೆಗೆ ಕುರ್ಚಿ ಹೋಗದಿರಲಿ. ಇದು ನಮಗಷ್ಟೇ ಅಲ್ಲ, ಬಿನ್ನಿಪೇಟೆಗೂ ವಿಜಯನಗರಕ್ಕೂ ಬೇಕು. ಅಲ್ಲಿನ ಸಿಸ್ಟರ್‌ಗಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಹೊಸದು, ಒಂದಕ್ಕಿಂತ ಹೆಚ್ಚು ಕೇಂದ್ರದ್ದು. ಕಾರ್ಡು ನೀಲಿಯಾಯಿತು.

ಅವರು ಫೋನ್ ಮಾಡಿದರು. “ಸರ, ನಮ್ಮದು ನೀಲಿ ಆಗೇದ. ನೀಲಿ ಅಂದ್ರ ಛಲೋ ಏನ್ರೀ?”

“ಒಳ್ಳೇದೇ. ಕಮಿಟಿ ನೋಡುತ್ತೆ.”

“ಕಮಿಟಿ ಯಾವಾಗ ಕೂಡ್ತದ?”

“ಮುಂದಿನ ಕ್ವಾರ್ಟರಲ್ಲಿ.”

“ಅಲ್ಲೀತನಾ ಲೇಟ್ ಆಗಬ್ಯಾಡ ಅಂತ ರೈಲಿಗೆ ನಾನ ಹೇಳ್ಲೇನ್ರೀ, ನೀವು ಹೇಳ್ತೀರೋ?”

ನಾನು ನಕ್ಕೆ ಎಂದು ಕಾಣುತ್ತದೆ. ಅವರು ನಗಲಿಲ್ಲ.

ಕಮಿಟಿ ಕೂತಿತು. ಹೊಸ ಕೇಂದ್ರ ಎಲ್ಲಿ ತೆರೆಯಬೇಕು, ಆ್ಯಪ್ ಯಾರ ಹತ್ತಿರ ಮಾಡಿಸಬೇಕು ಎನ್ನುವ ದೊಡ್ಡ ನೀಲಿಗಳ ನಡುವೆ ಈ ಕಾರ್ಡು ಕಡೆಯಲ್ಲಿತ್ತು. ಅದರ ಸರದಿ ಬಂದಾಗ ಎಲ್ಲರೂ ಎದ್ದು ಹೋಗುವ ಆತುರದಲ್ಲಿದ್ದರು. ಎಷ್ಟು ಹೊತ್ತು ಕುರ್ಚಿ ಹಿಡಿದಿಡಬಹುದು, ಯಾರು ದೂರದವರು, ಯಾರು ಹತ್ತಿರದವರು, ಮೊದಲು ಎಲ್ಲ ಕೇಂದ್ರಕ್ಕೂ ಒಂದು ನೀತಿ ಆಗಲಿ ಎಂದರು. ನೀತಿ ಯಾರು ಬರೆಯಬೇಕೆಂದು ಯಾರೂ ಹೇಳಲಿಲ್ಲ. ಕಾರ್ಡು ಮುಂದಿನ ಸಭೆಗೆ ಹೋಯಿತು. ಮುಂದಿನ ಸಭೆಯಲ್ಲೂ ಹಾಗೇ ಆಯಿತು.

ಡೆವಲಪರ್ ನನ್ನ ಪಕ್ಕದ ಮೇಜಿನವನು, ವಿಜಯನಗರದ ಹುಡುಗ. ಪರದೆ ನೋಡಿ ಗೊಣಗಿದ.

“ಗುರು, ಇದು ಒಂದು ಬಟನ್ನು ಕಣೋ. ಬಟನ್ನಿಗೆ ಎರಡು ಕಮಿಟಿನಾ? ನಂಗ್ ಕೊಡು, ಊಟದೊಳಗೆ ಮುಗಿಸ್ತೀನಿ.”

“ಎಲ್ಲ ಸೆಂಟರ್‌ದೂ ರೂಲ್ ಬದಲಾಗುತ್ತೆ.”

“ಒಂದೇ ಸೆಂಟರ್ ಅಂತ ಮಾಡು ಮಗಾ. ಕಿತ್ತಳೆ ಆಗೋಗುತ್ತೆ.”

“ಆದ್ರೆ ಅದು ಒಂದೇ ಸೆಂಟರಿಂದಲ್ಲ. ಅವ್ರು ಬರೆದಿರೋದು ನಿಜ. ಅದನ್ನ ನಾನು ಸುಳ್ಳು ಮಾಡ್ಲಾ?”

“ಸುಳ್ಳಲ್ಲ ಗುರು, ಸೆಟ್ಟಿಂಗು.”

ಅವನ ಮಾತನ್ನು ನಾನು ತಮಾಷೆ ಎಂದು ತೆಗೆದುಕೊಂಡೆ. ಆದರೆ ಅದೇ ವಾರ ಕಾರ್ಡುಗಳ ರಾಶಿಯನ್ನು ಮತ್ತೊಮ್ಮೆ ನೋಡಿದಾಗ ಮನಸ್ಸು ಕಸಿವಿಸಿಯಾಯಿತು. ಬೇಗ ಮುಗಿದ ಕೆಲಸಗಳೆಲ್ಲ ತಮ್ಮ ಕೇಂದ್ರವನ್ನಷ್ಟೇ ನೋಡಿಕೊಂಡವರವು. ಪಕ್ಕದವರಿಗೂ ಬೇಕೆಂದು ಬರೆದವರ ಕಾರ್ಡುಗಳು ನೀಲಿಯಲ್ಲಿ ನಿಂತಿದ್ದವು. ಜೋರಾಗಿ ಕೂಗುವವರನ್ನು ಸೋಲಿಸಲು ಬರೆದ ನಿಯಮ ಈಗ ಇನ್ಯಾರನ್ನೋ ಸೋಲಿಸುತ್ತಿತ್ತು. ಮೂರನೇ ಕಮಿಟಿಗೆ ಮೊದಲು ನಿಯಮವನ್ನೇ ತಿದ್ದಬೇಕೆಂದು ಒಂದು ಟಿಪ್ಪಣಿ ಬರೆಯತೊಡಗಿದೆ. ಅದು ಮುಗಿಯುವ ಮೊದಲೇ ಕೆಂಗೇರಿಯಿಂದ ದೂರು ಬಂತು.

ದೂರು ಕೊಟ್ಟವರು ಕೆಂಗೇರಿ ಉಪನಗರದ ಒಬ್ಬ ಆಟೋ ಚಾಲಕ. ಅವರೂ ರೋಗಿಯೇ. ಕಾಯುವವರ ಸಾಲಿನಲ್ಲಿ ಮೊದಲನೆಯವರು. ಅವತ್ತು ಕೇಂದ್ರದ ಹೊರಗಿನ ಬೆಂಚಿನಲ್ಲಿ ಕೂತು ಬಾಗಿಲ ಗಾಜಿನಿಂದ ಒಳಗೆ ನೋಡಿದ್ದಾರೆ. ಒಂದು ಕುರ್ಚಿ ಖಾಲಿ. ಕೇಳಿದರೆ ಆ ರೋಗಿ ಬಂದಾಗಿದೆ ಎಂದು ಕಂಪ್ಯೂಟರ್ ಹೇಳುತ್ತದೆ. ಬಂದವರು ಎಲ್ಲಿ? ಇಲ್ಲ. ಗಂಟೆ ಕಳೆದರೂ ಕುರ್ಚಿ ಖಾಲಿಯೇ. ಅವರು ಬೇರೆ ಕಡೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು, ಆಮೇಲೆ ಮುಖ್ಯ ಕಚೇರಿಗೇ ಬಂದು ರೇಗಾಡಿದರು. “ಯಾರ್ ಸಾರ್ ಅದು ಬಂದಿರೋರು? ದೆವ್ವನಾ? ದೆವ್ವಕ್ಕೂ ಕಿಡ್ನಿ ಹೋಗಿದ್ಯಾ?”

ಆ ಕುರ್ಚಿ ರಾಮನಗರದ ಒಬ್ಬ ವಯಸ್ಸಾದ ರೇಷ್ಮೆ ಕೆಲಸಗಾರರದ್ದು. ಅವತ್ತು ರೈಲು ಹತ್ತಿದವರು ಮೈ ನಡುಗಿ ಬಿಡದಿಯಲ್ಲೇ ಇಳಿದು ಮನೆಗೆ ಹೋಗಿದ್ದರು. ಫೋನ್ ಮಾಡುವಷ್ಟೂ ತ್ರಾಣವಿರಲಿಲ್ಲ. ಅವರು ಬರುವ ಮೊದಲೇ ಸಿಸ್ಟರ್ ‘ಬಂದಿದ್ದಾರೆ’ ಎಂದು ಗುರುತು ಹಾಕಿಬಿಟ್ಟಿದ್ದರು.

ಆಪರೇಷನ್ಸ್ ಮುಖ್ಯಸ್ಥರು ನನ್ನನ್ನು ಕರೆದು, ಎಲ್ಲ ಕೇಂದ್ರಗಳಲ್ಲೂ ಆ ಗುರುತು ಬಿದ್ದ ಹೊತ್ತಿಗೂ ಸೂಜಿ ಹಾಕಿದ ಹೊತ್ತಿಗೂ ಎಷ್ಟು ಅಂತರವಿದೆ ಎಂದು ತೆಗೆದುಕೊಡಲು ಹೇಳಿದರು. ತೆಗೆದುಕೊಟ್ಟೆ. ಬೇರೆ ಕೇಂದ್ರಗಳಲ್ಲಿ ಅಂತರ ಸಣ್ಣದು. ಕೆಂಗೇರಿಯಲ್ಲಿ ಮಾತ್ರ ಕೆಲವು ದಿನ, ಕೆಲವು ರೋಗಿಗಳಿಗೆ ಎದ್ದು ಕಾಣುವಷ್ಟು ದೊಡ್ಡದು. ಇದು ಒಂದು ದಿನದ ತಪ್ಪಲ್ಲ, ನಡೆದುಬಂದ ಪದ್ಧತಿ ಎನ್ನುವುದು ಯಾರಿಗಾದರೂ ಕಾಣುವಂತಿತ್ತು. ಪದ್ಧತಿಯ ಕಾರಣವನ್ನು ಅಂಕಿಗಳು ಹೇಳುವುದಿಲ್ಲ. ಹಾಗೆಂದು ಮುಖ್ಯಸ್ಥರಿಗೆ ಹೇಳಿದೆ.

“ಕಾರಣ ಏನಾದ್ರೂ ಇರ್ಲಿ. ಬರದೇ ಇರೋ ಪೇಷೆಂಟ್ ಬಂದಿದಾನೆ ಅಂತ ಮೆಡಿಕಲ್ ರೆಕಾರ್ಡಲ್ಲಿ ಹಾಕಿದಾರೆ. ಇದು ಫೋರ್ಜರಿ ರೀ. ಮನೆಗೆ ಕಳಿಸೋದೇ” ಎಂದರು.

ಹಾಗೆ ಕಳಿಸಿದರೆ ಬಿಡುಗಡೆ ಪತ್ರದಲ್ಲಿ ಕಾರಣವನ್ನೂ ಬರೆಯುತ್ತಾರೆ. ಸುಳ್ಳು ದಾಖಲೆ ಎಂಬ ಕಾರಣ ಹೊತ್ತ ನರ್ಸನ್ನು ಈ ಊರಿನಲ್ಲಿ ಯಾವ ಆಸ್ಪತ್ರೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ವಿಚಾರಣೆಯ ದಿನ ಸಿಸ್ಟರ್ ರಾಜಾಜಿನಗರದ ಕಚೇರಿಗೆ ಬಂದರು. ಸಭೆಗೆ ಇನ್ನೇನು ಕರೆಯುವ ಹೊತ್ತು. ಮೆಟ್ಟಿಲ ತಿರುವಿನಲ್ಲಿ ನಿಂತಿದ್ದರು, ಸಮವಸ್ತ್ರವಿಲ್ಲದೆ, ಸೀರೆಯಲ್ಲಿ. ಕ್ಷಣ ಗುರುತು ಸಿಗಲಿಲ್ಲ.

“ನಿಮ್ಮ ನೀಲಿ ಕಾರ್ಡ ನನ್ನ ಕುತ್ತಿಗಿಗೆ ಬಂತು ನೋಡ್ರಿ ಸರ.”

“ಸಿಸ್ಟರ್, ಬರೋಕೆ ಮುಂಚೆನೇ ಯಾಕೆ ಒತ್ತಿಬಿಟ್ರಿ?”

“ಬರೂಕಿಂತ ಮದ್ಲ ಅಲ್ರೀ. ರೈಲು ಬಂದ ಮ್ಯಾಲ. ರೈಲು ಸ್ಟೇಷನ್ ಕಡೆ ಹೋಗೂದು ನಮಗ ಕಾಣತದ. ರೈಲು ಬಂತಂದ್ರ ಆ ಅಜ್ಜ ಬಂದಂಗ. ಅವ ನಡಕೋತ ಬರೂದರಾಗ ಅರ್ಧ ತಾಸು ಮುಗೀತದ, ಅದಕ್ಕ ಮದ್ಲ ಒತ್ತತಿದ್ದೆ. ರೈಲು ಕಾಣಲಿಲ್ಲಂದ್ರ ಒಂದು ದಿನಾನೂ ಒತ್ತಿಲ್ಲ. ನೀವು ಪಾಠಾ ಹೇಳಾಕ ಬಂದಾಗ ಎದುರಿಗೇ ಒತ್ತೀನಲ್ರೀ. ನೋಡಿದ್ರಲ್ಲ?”

“ನೋಡಿದ್ದೆ ಅನ್ಸುತ್ತೆ.”

“ಅನಸ್ತದ ಅಂದ್ರ ಹೆಂಗ್ರೀ ಸರ? ಕಣ್ಣಲೇ ನೋಡಿದ್ದಕ್ಕ ಅನಸೂದೇನು?”

ಅಷ್ಟರಲ್ಲಿ ಒಳಗಿಂದ ಕರೆ ಬಂತು.

ಸಭೆಯಲ್ಲಿ ಆಪರೇಷನ್ಸ್ ಮುಖ್ಯಸ್ಥರಿದ್ದರು, ಸಿಬ್ಬಂದಿ ವಿಭಾಗದವರಿದ್ದರು, ಮೇಜಿನ ತುದಿಯಲ್ಲಿ ನಮ್ಮ ಹಿರಿಯ ವೈದ್ಯೆ ಇದ್ದರು. ತೀರ್ಮಾನ ಅವರದು. ಮುಖ್ಯಸ್ಥರು ನಾನು ತೆಗೆದುಕೊಟ್ಟ ಅಂಕಿಗಳನ್ನೇ ತೋರಿಸಿದರು. ಸಿಸ್ಟರ್ ತಮ್ಮ ಮಾತು ಹೇಳಿದರು. ಆಟೋದವರಿಗೆ ಆದದ್ದು ತಪ್ಪೇ, ಅಜ್ಜನ ದಾರಿ ಕಾಯದೆ ಕುರ್ಚಿ ಅವರಿಗೆ ಬಿಟ್ಟುಕೊಡಬೇಕಿತ್ತು, ಅವತ್ತು ಒಂದು ಕಡೆ ಯಂತ್ರ ಕೆಟ್ಟು ತಲೆ ಕೆಟ್ಟಿತ್ತು ಎಂದರು. ಆ ಮಾತನ್ನು ಯಾರೂ ಒತ್ತಾಯಿಸಿ ಹೇಳಿಸಿದ್ದಲ್ಲ.

ವೈದ್ಯೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನನಗೆ ಒಂದೇ ಪ್ರಶ್ನೆ. ರೈಲು ಕಣ್ಣಾರೆ ನೋಡಿ ಒತ್ತಿದ್ರೋ, ಬಂದಿರಬಹುದು ಅಂತ ಊಹೆ ಮೇಲೆ ಒತ್ತಿದ್ರೋ? ನೋಡಿ ಒತ್ತಿದ್ರೆ ಅದು ತಪ್ಪು ಕ್ರಮ. ಊಹೆ ಮೇಲಾದ್ರೆ ಸುಳ್ಳು ದಾಖಲೆ. ಎರಡಕ್ಕೂ ನಾನು ಒಂದೇ ಶಿಕ್ಷೆ ಕೊಡಲ್ಲ.”

“ನೋಡಿ ಹೆಂಗೆ ಒತ್ತೋಕಾಗುತ್ತೆ ಮೇಡಂ?” ಮುಖ್ಯಸ್ಥರು ಗೋಡೆಯ ಪರದೆಯ ಮೇಲೆ ಉಪಗ್ರಹದ ನಕ್ಷೆ ತೆರೆದರು. “ಇದು ನಮ್ಮ ಸೆಂಟ್ರು. ಇದು ಹಳಿ. ಮಧ್ಯ ಇಷ್ಟು ಬಿಲ್ಡಿಂಗು. ಎರಡನೇ ಮಹಡಿಯಿಂದ ಏನ್ ಕಾಣುತ್ತೆ, ಪಕ್ಕದ ಮನೆ ಬಟ್ಟೆ ಒಣಗಾಕಿರೋದು ಕಾಣುತ್ತೆ.”

“ಕಾಣತದ್ರೀ” ಎಂದರು ಸಿಸ್ಟರ್.

ನಕ್ಷೆಯಲ್ಲಿ ಬರೀ ತಾರಸಿಗಳು. ಯಾವುದು ಎಷ್ಟು ಎತ್ತರವೆಂದು ತಿಳಿಯುವಂತಿರಲಿಲ್ಲ. ಮುಖ್ಯಸ್ಥರು ನನ್ನ ಕಡೆ ತಿರುಗಿದರು. “ಟ್ರೇನಿಂಗಿಗೆ ಹೋಗಿದ್ರಲ್ಲ, ನೀವೇ ಹೇಳಿ. ಕಾಣುತ್ತಾ?”

ಈ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಗೊತ್ತಿತ್ತು. ಖಚಿತವಿಲ್ಲ, ಹೋಗಿ ನೋಡಿಬಂದು ಹೇಳುತ್ತೇನೆ. ಬೇರೆ ಯಾವ ದಿನವಾದರೂ ಅದನ್ನೇ ಹೇಳುತ್ತಿದ್ದೆ, ಹೇಳಿ ಒಳಗೊಳಗೇ ಹೆಮ್ಮೆಯನ್ನೂ ಪಡುತ್ತಿದ್ದೆ. ಆದರೆ ಆ ಕೋಣೆಯಲ್ಲಿ ‘ಖಚಿತವಿಲ್ಲ’ ಎಂಬ ಪದ ನನ್ನ ಬಾಯಿಂದ ಬಿದ್ದರೆ, ಅದನ್ನು ‘ಇಲ್ಲ’ ಎಂದೇ ಎತ್ತಿಕೊಳ್ಳುತ್ತಾರೆ ಎನ್ನುವುದು ಸ್ಪಷ್ಟವಿತ್ತು. ನನ್ನ ತಲೆಯಲ್ಲಿದ್ದದ್ದು ತಲೆಯೆತ್ತಿದ ಒಬ್ಬ ಹೆಂಗಸು ಮತ್ತು ಒಂದು ಕೀ. ಅವೆರಡರ ನಡುವಿನ ರೈಲನ್ನು ಇಡುವುದೋ ತೆಗೆಯುವುದೋ ನನಗೆ ಬಿಟ್ಟದ್ದು.

“ಕಾಣುತ್ತೆ. ನಾನು ಅಲ್ಲಿದ್ದಾಗ ನೋಡಿದ್ದೀನಿ” ಎಂದೆ.

ಮುಖ್ಯಸ್ಥರು ಏನೋ ಹೇಳಹೊರಟರು. ನಾನು ಮಾತು ನಿಲ್ಲಿಸಲಿಲ್ಲ. ಆಕೆ ಸರಿಯಾದ ಗುಂಡಿ ಕೊಡಿ ಎಂದು ನಮ್ಮನ್ನು ಮೊದಲೇ ಕೇಳಿದ್ದನ್ನು ಹೇಳಿದೆ. ಎಷ್ಟು ಕೇಂದ್ರದ್ದು ಎಂಬ ನನ್ನ ಪ್ರಶ್ನೆಗೆ ನಿಜ ಬರೆದದ್ದರಿಂದ ಕಾರ್ಡು ನೀಲಿಯಾಗಿ ಎರಡು ಕಮಿಟಿಗಳಲ್ಲೂ ಹಾಗೇ ಉಳಿಯಿತು, ಒಂದೇ ಕೇಂದ್ರ ಎಂದು ಬರೆದಿದ್ದರೆ ಅದೇ ವಾರ ಮುಗಿಯುತ್ತಿತ್ತು ಎಂದೆ. “ಮೇಡಂ, ನೀವು ಅನುಮತಿ ಕೊಟ್ಟರೆ ಇವತ್ತೇ ಅದನ್ನ ಕೆಂಗೇರಿಗೆ ಮಾತ್ರ ಅಂತ ಮಾಡಿ ಆಪರೇಷನಲ್‌ಗೆ ಹಾಕ್ತೀನಿ.”

“ನನ್ನ ಅನುಮತಿ ಯಾಕೆ?” ಎಂದರು ವೈದ್ಯೆ. “ನಿಯಮ ಬರೆದೋರು ನೀವಲ್ವಾ?”

ತೀರ್ಮಾನ ಆ ಸಂಜೆಗೇ ಬಂತು. ಕೆಲಸ ಉಳಿಯಿತು. ಎಚ್ಚರಿಕೆಯ ಪತ್ರ ಕೊಟ್ಟರು, ಇನ್‌ಚಾರ್ಜ್ ಸ್ಥಾನ ತೆಗೆದು ವಿಜಯನಗರದ ಕೇಂದ್ರಕ್ಕೆ ಹಾಕಿದರು. ಪತ್ರದಲ್ಲಿ ‘ಕ್ರಮಲೋಪ’ ಎಂದಿತ್ತು, ‘ಸುಳ್ಳು’ ಎಂಬ ಪದ ಇರಲಿಲ್ಲ.

ಡೆವಲಪರ್ ಗುಂಡಿಯನ್ನು ಮಾಡಿಕೊಟ್ಟ, ಹೇಳಿದ ಹಾಗೆ ಊಟದೊಳಗೆ. ‘ದಾರಿಯಲ್ಲಿದ್ದಾರೆ’ ಎಂದು ಒತ್ತಿದರೆ ಕುರ್ಚಿ ಇನ್ನರ್ಧ ಗಂಟೆ ನಿಲ್ಲುತ್ತದೆ, ಆಮೇಲೆ ಸಿಸ್ಟರ್ ಮತ್ತೊಮ್ಮೆ ಒತ್ತದಿದ್ದರೆ ಬಿಟ್ಟುಹೋಗುತ್ತದೆ. ಕಾಯುತ್ತಿರುವವರಿಗೂ ಅದು ಕಾಣುತ್ತದೆ. ಕೆಂಗೇರಿಯಲ್ಲಿ ಗುಂಡಿ ಬಂದ ಸುದ್ದಿ ಹರಡಿತು. ಕೆಲವೇ ದಿನಗಳಲ್ಲಿ ಬಿನ್ನಿಪೇಟೆಯಿಂದ ಒಂದು ಕಾರ್ಡು ಬಂತು: ಅದೇ ಗುಂಡಿ, ಒಂದೇ ಕೇಂದ್ರ. ಕಿತ್ತಳೆ. ಆಮೇಲೆ ವಿಜಯನಗರ, ಒಂದೇ ಕೇಂದ್ರ. ಬಸವೇಶ್ವರನಗರ, ಒಂದೇ ಕೇಂದ್ರ. ಒಂದೇ ಕೆಲಸವನ್ನು ಡೆವಲಪರ್ ಮತ್ತೆ ಮತ್ತೆ ಮಾಡಿದ. ಎಲ್ಲರೂ ನಿಯಮವನ್ನು ಕಲಿತಿದ್ದರು. ನಾನು ಟಿಪ್ಪಣಿ ಮುಗಿಸಿ, ಎಷ್ಟು ಕೇಂದ್ರ ಎಂಬ ಪ್ರಶ್ನೆಯನ್ನೇ ಜರಡಿಯಿಂದ ತೆಗೆಸಿದೆ. ಈಗ ಕಾರ್ಡುಗಳನ್ನು ಸಾಫ್ಟ್‌ವೇರ್ ವಿಂಗಡಿಸುವುದಿಲ್ಲ. ವಾರಕ್ಕೊಮ್ಮೆ ಒಬ್ಬ ಸಿಸ್ಟರ್, ಡೆವಲಪರ್ ಮತ್ತು ನಾನು ಕೂತು ಓದಿ ವಿಂಗಡಿಸುತ್ತೇವೆ. ಜಗಳವಾಗುತ್ತದೆ. ತಪ್ಪೂ ಆಗುತ್ತದೆ. ಮುಖ್ಯಸ್ಥರ ಗೋಡೆಯ ಪರದೆಯಲ್ಲಿ ನೀಲಿ ಬಹಳ ಕಡಿಮೆಯಾಯಿತು. ಆ ಬಗ್ಗೆ ಅವರು ನನ್ನ ಜೊತೆ ಮಾತು ನಿಲ್ಲಿಸಿದರು.

ನನ್ನನ್ನು ಕಾಡಿದ್ದು ಅದಲ್ಲ. ಸಭೆ ಮುಗಿದಾಗಿನಿಂದ ಆ ರೈಲಿನ ಬಣ್ಣ ನೆನಪಿಸಿಕೊಳ್ಳಲು ನೋಡುತ್ತಿದ್ದೆ. ಒಂದು ದಿನ ಅದು ನೀಲಿಯಿತ್ತು, ಇನ್ನೊಂದು ದಿನ ಕೆಂಪು. ಕಂಡೇ ಇರದಿದ್ದರೆ? ಆಕೆ ಮೆಟ್ಟಿಲ ಮೇಲೆ ನನಗೆ ಬಿಟ್ಟುಹೋದ ರೈಲನ್ನು ನಾನು ಒಳಗೆ ಹೋಗಿ ಓಡಿಸಿದ್ದರೆ? ಆಟೋ ಚಾಲಕ ಬೆಂಚಿನ ಮೇಲೆ ಕಳೆದ ಹೊತ್ತೂ ನೆನಪಾಗುತ್ತಿತ್ತು. ಆತನಿಗೆ ಅನ್ಯಾಯ ಮಾಡಿದವರನ್ನು ಉಳಿಸಲು ನಾನು ಇಲ್ಲದ್ದನ್ನು ಹೇಳಿದೆನೇ? ಹೋಗಿ ನೋಡಿದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಕಾಣದಿದ್ದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ತಿಂಗಳುಗಳು ಕಳೆದ ಮೇಲೆ ವಿಜಯನಗರದ ಕೇಂದ್ರದಲ್ಲಿ ಸಿಸ್ಟರ್ ಸಿಕ್ಕರು. ರೋಗಿಯೊಬ್ಬರ ರಕ್ತದೊತ್ತಡ ನೋಡುತ್ತಿದ್ದರು. “ಇಲ್ಲಿ ಕಿಟಕಿನ ಇಲ್ಲ ನೋಡ್ರಿ ಸರ. ಭಾಳ ನಿಶ್ಚಿಂತಿ” ಎಂದರು. ಆಮೇಲೆ ಕೈಪಟ್ಟಿ ಬಿಚ್ಚುತ್ತ, ದನಿ ತಗ್ಗಿಸಿ ಕೇಳಿದರು. “ಅವತ್ತು ನೀವು ಖರೇನ ನೋಡಿದ್ರೇನ್ರೀ? ಮೆಟ್ಲಾಗ ನಿಂತಾಗ ನಿಮ್ಮ ಮಾರಿ ಹಂಗ ಇರಲಿಲ್ಲ.”

ನಾನು ಏನೋ ಹೇಳಿ ತಪ್ಪಿಸಿಕೊಂಡೆ. ಏನೆಂದು ನೆನಪಿಲ್ಲ. ಮರುದಿನ ಕೆಲಸಕ್ಕೆ ಹೋಗುವ ಬದಲು ಬಸವೇಶ್ವರನಗರದ ನನ್ನ ಮನೆಯಿಂದ ಸ್ಕೂಟರ್ ತಿರುಗಿಸಿ, ಮೈಸೂರು ರಸ್ತೆ ಹಿಡಿದು ಕೆಂಗೇರಿಗೆ ಹೋದೆ.

ಹಾರ್ಡ್‌ವೇರ್ ಅಂಗಡಿ ಇತ್ತು, ಬೇಕರಿ ಇತ್ತು. ಮೇಲೆ ಹೊಸ ಇನ್‌ಚಾರ್ಜ್ ಇದ್ದರು. ಕಂಪ್ಯೂಟರ್ ಸರಿಯಿದೆಯೇ ನೋಡಲು ಬಂದೆ ಎಂದೆ. ಕಂಪ್ಯೂಟರಿನ ಮೇಜಿನ ಹಿಂದೆ ಹೋಗಿ ನಿಂತೆ. ಮೇಜಿನೆದುರು ದೊಡ್ಡ ಕಿಟಕಿ. ಅದರ ತುಂಬ ಪಕ್ಕದ ಕಟ್ಟಡದ ಗೋಡೆ. ಗಾರೆ ಹಳೆಯದು, ಪಾಚಿ ಹಿಡಿದಿತ್ತು. ನಿನ್ನೆ ಮೊನ್ನೆ ಕಟ್ಟಿದ ಗೋಡೆಯಲ್ಲ. ನಾನು ಪಾಠ ಮಾಡಿದ ದಿನವೂ ಅದು ಅಲ್ಲೇ ಇದ್ದಿರಬೇಕು. ಅಂದರೆ ನಾನಿದ್ದ ಜಾಗದಿಂದ ನಾನು ಯಾವ ರೈಲನ್ನೂ ನೋಡಿರಲು ಸಾಧ್ಯವಿಲ್ಲ.

“ಇಲ್ಲಿಂದ ರೈಲು ಕಾಣುತ್ತಾ ಸಿಸ್ಟರ್?”

“ರೈಲಾ? ಸೌಂಡ್ ಬರುತ್ತೆ ಸಾರ್. ನಾನಂತೂ ನೋಡಿಲ್ಲಪ್ಪ. ಯಾಕ್ ಸಾರ್?”

ಕಂಪ್ಯೂಟರಿನ ಮುಂದೆ ಕೂತೆ. ಕೀಲಿಮಣೆ ಅದೇ ಹಳೆಯದು. ಎಂಟರ್ ಕೀ ಮೇಲೆ ಬೆರಳಿಟ್ಟಾಗ ನೆನಪಾಯಿತು, ಅವತ್ತು ಅದು ಒದ್ದೆಯಾಗಿತ್ತು. ನಾನು ಕರ್ಚೀಫಿನಿಂದ ಒರೆಸಿದ್ದೆ, ಕೀಬೋರ್ಡ್ ಹಾಳಾಗುತ್ತದೆಂದು ಬೈದಿದ್ದೆ. ಸಿಸ್ಟರ್ ಕೈ ಒದ್ದೆಯಿತ್ತು. ಆಕೆ ತಲೆಯೆತ್ತಿ ಹೊರಗೆ ನೋಡಿದ್ದು ಈ ಮೇಜಿನಿಂದಲ್ಲ.

ಎದ್ದು ಕೋಣೆಯ ಆ ತುದಿಗೆ ಹೋದೆ. ಕಡೆಯ ಕುರ್ಚಿಯ ಆಚೆ ಕೈ ತೊಳೆಯುವ ಸಿಂಕು, ಅದರ ಮೇಲೆ ಎತ್ತರದಲ್ಲಿ ಒಂದು ಸಣ್ಣ ಕಿಟಕಿ. ನೋಡಬೇಕೆಂದರೆ ತಲೆಯೆತ್ತಲೇಬೇಕು. ಪಾಚಿ ಗೋಡೆ ಮುಗಿಯುವಲ್ಲಿಗೂ ಇನ್ನೊಂದು ಮನೆಯ ನೀರಿನ ಟ್ಯಾಂಕ್ ಶುರುವಾಗುವಲ್ಲಿಗೂ ನಡುವೆ ಒಂದು ಸಂದು. ಸಂದಿನಾಚೆ ಜಾಲಿ ಗಿಡ, ಅದರಾಚೆ ಏನೋ ಬೂದು. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದೆ. ಸೋಪು ಹಚ್ಚಿ ತೊಳೆದೆ, ಮತ್ತೆ ಹಚ್ಚಿದೆ. ಹೊಸ ಇನ್‌ಚಾರ್ಜ್ ಒಮ್ಮೆ ನನ್ನತ್ತ ನೋಡಿ ತಮ್ಮ ಕೆಲಸಕ್ಕೆ ತಿರುಗಿದರು. ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರು, “ಎಷ್ಟ್ ತೊಳಿತೀಯಪ್ಪ, ಚರ್ಮ ಬಂದ್ಬುಡುತ್ತೆ” ಎಂದರು.

ಆಗ ದೂರದಲ್ಲಿ ಹಾರ್ನ್ ಕೇಳಿಸಿತು. ಕೈಯಿಂದ ನೀರು ಸುರಿಯುತ್ತಿತ್ತು. ಅವತ್ತು ನಾನು ಏನು ಕಂಡೆ ಎನ್ನುವುದು ತಿಳಿಯಲಿಲ್ಲ, ಅದು ಇನ್ನು ತಿಳಿಯುವುದೂ ಇಲ್ಲ. ಆದರೆ ಆ ಸಿಂಕಿನ ಮುಂದೆ ನಿಂತು ತಲೆಯೆತ್ತಿದರೆ, ಗೋಡೆಗೂ ಟ್ಯಾಂಕಿಗೂ ನಡುವಿನ ಸಂದಿನಲ್ಲಿ ಒಂದರ ಹಿಂದೊಂದು ಬೋಗಿ ಸ್ಟೇಷನ್ನಿನ ಕಡೆ ಹೋಗುವುದು ಕಾಣುತ್ತದೆ.